ಅವಸರದ ಹಳದಿ

ಓಟ್ಮಾರ್ ಬ್ರೂಗೆಮಾನ್‌ಗೆ ಹಾವಿನ ಬಗ್ಗೆ ಏನೇನೂ ಗೊತ್ತಿಲ್ಲ ಎಂಬ ಸಂಗತಿ ಎರ್ಲೆನ್‌ಬ್ರೋಕ್ ಎಂಬ ನಮ್ಮ ಗಡಿಯೂರಿನಲ್ಲಿ ಇಬ್ಬರಿಗೆ ಮಾತ್ರ ಗೊತ್ತಿತ್ತು. ಒಬ್ಬಳು ಅವನ ಹೆಂಡತಿ ಗುಡ್ರುನ್. ಇನ್ನೊಬ್ಬ ಸ್ವತಃ ಓಟ್ಮಾರ್. ಆದರೆ ಬರಬರುತ್ತಾ ಅವನು ಅದನ್ನು ಮರೆತುಬಿಟ್ಟ.

ಓಟ್ಮಾರ್ ಮಾರುಕಟ್ಟೆ ಚೌಕದ ಪರದೆ ಬಟ್ಟೆ ಅಂಗಡಿಯಲ್ಲಿ ಜೀವಮಾನವಿಡೀ ಬಟ್ಟೆ ಅಳೆದು, ಕತ್ತರಿಸಿ, ನಿವೃತ್ತನಾದವನು. ಹಾವಿಗೂ ಅವನಿಗೂ ನಂಟು ಬೆಳೆದದ್ದು ಕೇಕಿನಿಂದ. ನಮ್ಮ ಕಡೆ ಸಂಘ ಯಾವುದೇ ಇರಲಿ, ಬಂದೂಕು ಹಾರಿಸುವವರದ್ದಾಗಲಿ ಪಾರಿವಾಳ ಸಾಕುವವರದ್ದಾಗಲಿ, ಕಾಫಿ ಕೇಕು ಇಲ್ಲದೆ ಸೇರಿದರೆ ಅದನ್ನು ಯಾರೂ ಸಂಘವೆಂದು ಒಪ್ಪುವುದಿಲ್ಲ. ಹಾವು ಹಲ್ಲಿ ಸಾಕುವವರ ಸಂಘಕ್ಕೂ ಅದೇ ಕಟ್ಟಳೆ. ಅದರ ಅಧ್ಯಕ್ಷ ಉಲ್ರಿಶ್ ಗುಡ್ರುನ್‌ಳ ಚಿಕ್ಕಪ್ಪನ ಮಗ. ಹಾಗಾಗಿ ಶರತ್ಕಾಲದ ಹಾವಿನ ಮೇಳಕ್ಕೆ ಪ್ಲಮ್ ಹಣ್ಣಿನ ಕೇಕು ಮಾಡುವುದು ಗುಡ್ರುನ್, ಅದನ್ನು ಹೊರುವುದು ಓಟ್ಮಾರ್ ಎಂದು ಬಹಳ ಹಿಂದೆಯೇ ನಿಗದಿಯಾಗಿತ್ತು.

ಅಂಥದೊಂದು ಮೇಳದಲ್ಲಿ ಉಲ್ರಿಶ್ ಒಂದು ರಾಜಹೆಬ್ಬಾವಿನ ಮರಿ ಕೊಳ್ಳಲು ನಿಂತಿದ್ದ. ಬೇರೆ ಕಡೆ ಇದನ್ನೇ ಬಾಲ್ ಪೈಥಾನ್ ಅನ್ನುತ್ತಾರೆ. ಹೆದರಿದರೆ ತಲೆಯನ್ನು ಒಳಗಿಟ್ಟುಕೊಂಡು ಚೆಂಡಿನಂತೆ ಸುತ್ತಿಕೊಳ್ಳುವ, ಯಾರ ತಂಟೆಗೂ ಹೋಗದ ಬಡಪಾಯಿ ಹಾವು ಅದು. ಮರಿ ನಿಂಬೆಹಣ್ಣಿನ ಬಣ್ಣಕ್ಕಿತ್ತು. ಉಲ್ರಿಶ್ ಜೇಬು ತಡಕುತ್ತಾ, ಸ್ವಲ್ಪ ಹಿಡ್ಕೊ ಎಂದು ಡಬ್ಬಿಯನ್ನು ಓಟ್ಮಾರ್ ಕೈಗೆ ಕೊಟ್ಟ. ಓಟ್ಮಾರ್ ಕೈಗೆ ಬಣ್ಣದ ವಸ್ತು ಏನು ಬಂದರೂ ಅವನ ಕಾಲು ತಾನಾಗಿ ಬಾಗಿಲ ಕಡೆ ನಡೆಯುತ್ತದೆ. ಅಂಗಡಿಯ ದೀಪದಲ್ಲಿ ಬಟ್ಟೆ ನೋಡಬಾರದು, ಹಗಲ ಬೆಳಕಿನಲ್ಲಿ ನೋಡಬೇಕು ಎಂಬುದು ಅವನ ಕಸುಬಿನ ಪಾಠ. ಡಬ್ಬಿಯನ್ನು ಕಿಟಕಿಯ ಹತ್ತಿರ ಒಯ್ದು, ಕನ್ನಡಕ ಹಣೆಗೇರಿಸಿ, ಗಿರಾಕಿಗಳಿಗೆ ಸಾವಿರ ಸಲ ಹೇಳಿದ್ದ ಮಾತನ್ನೇ ಹಾವಿಗೂ ಹೇಳಿದ.

"ಈ ಹಳದಿಗೆ ಅವಸರ ಇದೆ. ಎರಡು ಬೇಸಿಗೆ ಕಳೆದರೆ ಹೊರಟುಹೋಗುತ್ತೆ."

ಇದು ಪರದೆ ಅಲ್ಲ ಕಣಯ್ಯ ಎಂದು ಉಲ್ರಿಶ್ ನಕ್ಕ, ಸುತ್ತ ಇದ್ದವರೂ ನಕ್ಕರು. ಮರಿ ಮನೆಗೆ ಹೋಯಿತು. ಎರಡು ಬೇಸಿಗೆ ಕಳೆಯುವಷ್ಟರಲ್ಲಿ ಅದು ಒದ್ದೆ ಗೋಣಿಚೀಲದ ಬಣ್ಣಕ್ಕೆ ಬಂದು ನಿಂತಿತು. ಈ ಬಗೆಯ ಹಾವುಗಳಲ್ಲಿ ಇದು ಮಾಮೂಲು. ಮರಿಯಾಗಿದ್ದಾಗ ಕಣ್ಣು ಕುಕ್ಕುತ್ತವೆ, ಬೆಳೆಯುತ್ತಾ ಕಂದಾಗುತ್ತವೆ. ಉಲ್ರಿಶ್‌ಗೂ ಇದು ಗೊತ್ತಿತ್ತು, ಆದರೆ ಕೊಳ್ಳುವಾಗ ಮರೆತಿದ್ದ. ಅವನು ಪ್ರಾಮಾಣಿಕ ಮನುಷ್ಯ. ವಾರ್ಷಿಕ ಸಭೆಯಲ್ಲಿ ಎದ್ದುನಿಂತು, ನಮ್ಮೂರಲ್ಲಿ ಹಾವಿನ ಬಣ್ಣದ ಭವಿಷ್ಯ ಬಲ್ಲವನು ಒಬ್ಬನೇ, ಅವನು ಕೇಕಿನ ಮೇಜಿನ ಹಿಂದೆ ಕೂತಿದ್ದಾನೆ ಎಂದು ಘೋಷಿಸಿಬಿಟ್ಟ. ಸಭೆ ಮೇಜು ತಟ್ಟಿತು. ಓಟ್ಮಾರ್ ಎದ್ದು, ಹಾಗೇನಿಲ್ಲ ಎಂದು ಹೇಳಬೇಕಾಗಿತ್ತು. ಎದ್ದದ್ದು ಹೌದು, ಆದರೆ ತಲೆಬಾಗಿ ವಂದಿಸಿ ಕೂತುಬಿಟ್ಟ.

ಅಲ್ಲಿಂದ ಮನೆಗೆ ಜನ ಬರತೊಡಗಿದರು. ಹಾವು ಕೊಳ್ಳುವ ಮುಂಚೆ ಬ್ರೂಗೆಮಾನ್‌ಗೆ ತೋರಿಸಬೇಕು ಎಂಬ ಮಾತು ಪಕ್ಕದ ಊರುಗಳಿಗೂ ಹಬ್ಬಿತು. ಡಬ್ಬಿ ಹಿಡಿದವರು ಮೆಟ್ಟಿಲ ಮೇಲೆ ಸಾಲುಗಟ್ಟಿ ಕೂರುತ್ತಿದ್ದರು. ಆ ಕಟ್ಟಡದವರು ವಾರಕ್ಕೊಬ್ಬರಂತೆ ಮೆಟ್ಟಿಲು ಒರೆಸಬೇಕು, ಒಂದು ವಾರ ಅದು ಕೆಳಮನೆಯ ಹೆಂಗಸಿನ ಸರದಿಯಾಗಿತ್ತು. ಅವಳು, ಹಾವು ತರುವವರು ಕಾಲು ಒರೆಸಿಕೊಂಡು ಬರಬೇಕು ಎಂದು ಗೋಡೆಗೆ ಚೀಟಿ ಅಂಟಿಸಿದಳು. ಔಷಧಿ ಅಂಗಡಿಯವನು ತನ್ನ ಕೂದಲಿಗೆ ಹಚ್ಚಿದ ಬಣ್ಣ ಎಷ್ಟು ದಿನ ನಿಲ್ಲುತ್ತದೆಂದು ಕೇಳಲು ಬಂದ. ಪಾದ್ರಿಗಳು ಚರ್ಚಿನ ಪರದೆಯ ಬಗ್ಗೆ ಕೇಳಿದರು. ಓಟ್ಮಾರ್‌ಗೆ ನಿಜವಾಗಿ ಉತ್ತರ ಗೊತ್ತಿದ್ದ ಪ್ರಶ್ನೆ ಅದೊಂದೇ. ಆದರೆ ಆ ಹೊತ್ತಿಗೆ ಅವನಿಗೆ ಪರದೆಯ ವಿಷಯ ಹಗುರವೆನಿಸಿ, ಪಾದ್ರಿಗಳನ್ನು ಬೇಗ ಸಾಗಹಾಕಿದ.

ಸಂಘದವರ ಮಾತಿಗೆ ಕಿವಿಗೊಟ್ಟು ಅವನು ಒಂದಷ್ಟು ಕಲಿತದ್ದೂ ಉಂಟು, ಸುಮ್ಮನೆ ದೂರಬಾರದು. ಮಾರುವವನ ದೀಪದ ಕೆಳಗೆ ನೋಡಬಾರದು. ಮರಿಯ ಬಣ್ಣ ನಂಬಬಾರದು, ತಂದೆ ತಾಯಿಯನ್ನು ತೋರಿಸಲು ಕೇಳಬೇಕು. ಪಕ್ಕೆಯಲ್ಲಿ ಹಳದಿ ಬಿಳಿಗೆ ತಾಗುವ ಕಡೆ ಗೆರೆ ಚೊಕ್ಕಟವಾಗಿರಬೇಕು. ಎಲ್ಲಕ್ಕಿಂತ ಮುಖ್ಯವಾಗಿ ಕಣ್ಣು ನೋಡಬೇಕು. ಹಾವು ಪೊರೆ ಬಿಡುವ ಮುಂಚೆ ಕಣ್ಣಿಗೆ ಹಾಲಿನಂಥ ಮಬ್ಬು ಕವಿಯುತ್ತದೆ, ಮೈ ಮಂಕಾಗುತ್ತದೆ. ಆಗ ಬಣ್ಣದ ಬಗ್ಗೆ ಬಾಯಿ ಬಿಡಬಾರದು. ಇಷ್ಟನ್ನು ಅವನು ಬಂದವರಿಗೆಲ್ಲ ಬೆರಳೆತ್ತಿ ಹೇಳುತ್ತಿದ್ದ. ಗುಡ್ರುನ್ ಒಳಗಿನಿಂದ, "ನನ್ನ ಬಿಳೀ ರವಿಕೆಗಳ ಜೊತೆ ಕೆಂಪು ಕಾಲುಚೀಲ ಹಾಕಿ ಒಗೆದು ಎಲ್ಲಾನೂ ಗುಲಾಬಿ ಮಾಡಿದೋನು ಇವನೇ ಕಣ್ರಪ್ಪ, ನೆನಪಿರಲಿ" ಎಂದು ಕೂಗಿ ಹೇಳುತ್ತಿದ್ದಳು. ಬಂದವರು ಅದನ್ನು ದೊಡ್ಡವರ ಮನೆಯ ಸರಸ ಎಂದುಕೊಂಡು ನಗುತ್ತಿದ್ದರು.

ಬೇಸಿಗೆ ಮುಗಿಯುವ ಹೊತ್ತಿಗೆ ರೋಸ್ವಿತಾ ಬಂದಳು.

ರೋಸ್ವಿತಾ ಟೆರ್ಹಾರ್ ಹಿಂದಿನ ಬೀದಿಯವಳು. ಗಂಡ ಹೈನೋ ತೀರಿಹೋಗಿ ಮೂರು ತಿಂಗಳಾಗಿತ್ತು. ಹೈನೋ ನೇಯ್ಗೆ ಗಿರಣಿಯಲ್ಲಿ ದುಡಿದು, ಮಗ್ಗಗಳ ಸದ್ದಿಗೆ ಎಡಗಿವಿ ಕಿವುಡಾದವನು, ಮಾತು ಕಡಿಮೆ, ಹಟ ಜಾಸ್ತಿ. ಸಂಘದ ಊಟದಲ್ಲಿ ಯಾರು ಎಲ್ಲಿ ಕೂರಬೇಕು ಎಂಬ ವಿಷಯಕ್ಕೆ ಉಲ್ರಿಶ್ ಜೊತೆ ಜಗಳವಾಡಿ ಸಂಘ ಬಿಟ್ಟಿದ್ದ. ಆಮೇಲೆ ಮನೆಯ ನೆಲಮಾಳಿಗೆಯಲ್ಲಿ ಒಬ್ಬನೇ ರಾಜಹೆಬ್ಬಾವುಗಳನ್ನು ಕೂಡಿಸಿ ಮರಿ ಮಾಡಿಸುತ್ತಿದ್ದ. ಅವನಿಗೆ ಬೇಕಾಗಿದ್ದದ್ದು ಒಂದೇ, ಬೆಳೆದ ಮೇಲೂ ಕಂದಾಗದ ಹಳದಿ. ಅದಕ್ಕಾಗಿ ಸಂಜೆಗಳೆಲ್ಲ ನೆಲಮಾಳಿಗೆಯಲ್ಲಿ ಕಳೆದವು. ಹಾವುಗಳನ್ನು ಬಿಟ್ಟು ಹೋಗುವಂತಿರಲಿಲ್ಲವಾಗಿ ಗಂಡ ಹೆಂಡತಿ ಒಂದು ಬೇಸಿಗೆಯೂ ಸಮುದ್ರ ನೋಡಲು ಹೋಗಲಿಲ್ಲ. ರೋಸ್ವಿತಾಗೆ ಸಮುದ್ರವೆಂದರೆ ಪ್ರಾಣ. ಹಾವೆಂದರೆ ಮೈ ಜುಮ್ಮೆನ್ನುತ್ತಿತ್ತು.

ಗುಡ್ರುನ್ ಕೊಟ್ಟ ಕಾಫಿಯನ್ನು ಅವಳು ಮುಟ್ಟಲಿಲ್ಲ. ನೇರವಾಗಿ ವಿಷಯಕ್ಕೆ ಬಂದಳು.

"ಕೊನೇ ಮರಿ ಒಂದಿದೆ, ಈಗ ದೊಡ್ಡದಾಗಿದೆ. ಅದರ ಫೋಟೋ ತೆಗೆಯೋಕೂ ಬಿಡ್ತಿರ್ಲಿಲ್ಲ ಅವರು. ಮೂರು ವರ್ಷ ತುಂಬ್ಲಿ, ಆಮೇಲೆ ಊರಿಗೆಲ್ಲ ತೋರಿಸ್ತೀನಿ ಅಂತಿದ್ರು. ಮೂರು ವರ್ಷ ಈ ತಿಂಗಳು ತುಂಬಿತು. ಆ ಹಳದಿ ನಿಂತಿದೆಯೋ ಇಲ್ಲವೋ, ಅದೊಂದು ಹೇಳಿಬಿಡಿ ಓಟ್ಮಾರ್ ಅವರೇ. ನಿಂತಿದ್ರೆ ಈ ಸಲದ ಮೇಳಕ್ಕೆ ನಾನೇ ಹೊತ್ಕೊಂಡು ಬಂದು, ಹೈನೋ ಹೆಸರು ಬರೆದಿಟ್ಟು ಪಕ್ಕದಲ್ಲಿ ಕೂತ್ಕೋತೀನಿ. ನಿಂತಿಲ್ಲ ಅಂದ್ರೆ ಎಲ್ಲಾನೂ ಕೊಟ್ಟು ನೆಲಮಾಳಿಗೆ ತೊಳೆದುಬಿಡ್ತೀನಿ."

ಉಲ್ರಿಶ್‌ನನ್ನು ಕೇಳಬಹುದಲ್ಲ ಎಂದಳು ಗುಡ್ರುನ್. ಆ ಮನುಷ್ಯನಿಗೆ ನಮ್ಮ ನೆಲಮಾಳಿಗೆ ತೋರಿಸಿದರೆ ಹೈನೋ ಎದ್ದು ಬರುತ್ತಾರೆ ಎಂದಳು ರೋಸ್ವಿತಾ. ಗುಡ್ರುನ್ ಗಂಡನ ಕಡೆ ತಿರುಗಿ, "ಗೊತ್ತಿಲ್ಲ ಅಂದ್ಬಿಡು" ಎಂದು ಮೆಲ್ಲಗೆ ಹೇಳಿದಳು. ಓಟ್ಮಾರ್ ಅಷ್ಟರಲ್ಲಿ ಕೋಟು ಹಾಕಿಕೊಂಡಾಗಿತ್ತು.

ನೆಲಮಾಳಿಗೆಯಲ್ಲಿ ಹಾವುಗಳ ಪೆಟ್ಟಿಗೆಗಳು ಸಾಲಾಗಿದ್ದವು, ಒಂದೊಂದರ ಮೇಲೂ ಹೈನೋನ ದಪ್ಪ ಅಕ್ಷರ. ರೋಸ್ವಿತಾ ಮೆಟ್ಟಿಲ ಮೇಲೇ ನಿಂತಳು. ಸಾಸೇಜು ತಿರುವುವ ಇಕ್ಕಳದಲ್ಲಿ ಇಲಿ ಹಿಡಿದು, ಕಣ್ಣು ಮುಚ್ಚಿಕೊಂಡು ಪೆಟ್ಟಿಗೆಗಳಿಗೆ ಹಾಕುವುದನ್ನು ಅವಳು ಕಲಿತಿದ್ದಳು. ಅದಕ್ಕಿಂತ ಮುಂದೆ ಅವಳಿಂದಾಗುತ್ತಿರಲಿಲ್ಲ. ಇದೊಂದು ಮಾತ್ರ ಈಚೆಗೆ ಇಲಿ ಮುಟ್ಟುತ್ತಿಲ್ಲ ಎಂದು ಅಲ್ಲಿಂದಲೇ ಹೇಳಿದಳು.

ಸಂಘದ ಯಾವ ಸದಸ್ಯನಿಗೆ ಈ ಮಾತು ಕೇಳಿಸಿದ್ದರೂ, ಸರಿ, ಪೊರೆ ಬಿಡುತ್ತದೆ, ಆಮೇಲೆ ಬರುತ್ತೇನೆ ಎಂದು ಟೋಪಿ ತೊಟ್ಟು ಹೊರಡುತ್ತಿದ್ದ. ನಮ್ಮ ಓಟ್ಮಾರ್ ಮಾತ್ರ ಕರಗಿದ ದನಿಯಲ್ಲಿ, "ದುಃಖ ಇರುತ್ತೆ. ಯಜಮಾನರು ಹೋದ್ರಲ್ಲ" ಎಂದ.

"ಹಾವಿಗೂ ಹಾಗಾಗುತ್ತಾ?" ಎಂದು ಕೇಳಿದ ರೋಸ್ವಿತಾಳ ದನಿ ಸಣ್ಣಗಾಯಿತು. ಅವಳಿಗೆ ಅದು ಎಷ್ಟು ಹಿತವಾಯಿತೆಂದರೆ ಓಟ್ಮಾರ್‌ಗೆ ತನ್ನ ಮಾತಿನ ಮೇಲೆ ತನಗೇ ನಂಬಿಕೆ ಬಂದುಬಿಟ್ಟಿತು.

ಅವನು ಹಾವನ್ನು ಎರಡು ಕೈಯಲ್ಲಿ ಎತ್ತಿ ನೆಲಮಾಳಿಗೆಯ ಸಣ್ಣ ಕಿಟಕಿಯ ಹತ್ತಿರ ಒಯ್ದ. ಹಗಲ ಬೆಳಕು ಚೆನ್ನಾಗಿತ್ತು. ಮೊದಲು ಕಣ್ಣು ನೋಡಿದ. ಕಣ್ಣಿನಲ್ಲಿ ಹಾಲಿರಲಿಲ್ಲ, ತಿಳಿಯಾಗಿ ಕಪ್ಪಗಿತ್ತು. ಹಾಗಾದರೆ ಪೊರೆಯ ನೆಪ ಇಲ್ಲ ಎಂದುಕೊಂಡ. ಮೈ ನೋಡಿದರೆ ಮಂಕು, ಹಳದಿಯ ಮೇಲೆ ಧೂಳು ಕೂತ ಹಾಗೆ. ಪಕ್ಕೆಯ ಗೆರೆಯೂ ಮಸುಕು. ಪಕ್ಕದ ಪೆಟ್ಟಿಗೆಯಲ್ಲಿದ್ದ ತಂದೆ ಹಾವಿನ ಬೆನ್ನು ಆ ವಯಸ್ಸಿನಲ್ಲೂ ಹಳದಿಯಾಗೇ ಇತ್ತು. ಅದು ಅವನನ್ನು ಒಂದು ಗಳಿಗೆ ತಡೆಯಬೇಕಿತ್ತು, ತಡೆಯಿತು ಕೂಡ. ಆದರೆ ಮೆಟ್ಟಿಲ ಮೇಲೆ ಒಬ್ಬ ಹೆಂಗಸು ಉಸಿರು ಬಿಗಿಹಿಡಿದು ನಿಂತಿದ್ದಳು, ಮತ್ತು ಗೊತ್ತಿಲ್ಲ ಎನ್ನುವ ಅಭ್ಯಾಸ ಓಟ್ಮಾರ್‌ಗೆ ತಪ್ಪಿಹೋಗಿತ್ತು.

"ಇದಕ್ಕೂ ಅವಸರ ಇತ್ತು ರೋಸ್ವಿತಾ ಅವರೇ. ಹಳದಿ ಹೋಗಿದೆ."

ನೋಡಿ, ಇಷ್ಟಕ್ಕೇ ಅಷ್ಟು ಸಂಜೆಗಳು ಹೋದವು ಎಂದಳು ರೋಸ್ವಿತಾ. ಓಟ್ಮಾರ್‌ಗೆ ಒಂದು ಬಾಟಲಿ ಜಿನ್ ಕೊಟ್ಟು ಕಳಿಸಿದಳು. ಅವನು ದಾರಿಯುದ್ದಕ್ಕೂ ಅದನ್ನು ಎಲ್ಲರಿಗೂ ಕಾಣುವಂತೆ ಹಿಡಿದುಕೊಂಡು ಬಂದ.

ಆ ವಾರದಲ್ಲೇ ಗಡಿಯಾಚೆಯಿಂದ ಒಬ್ಬ ವ್ಯಾಪಾರಿ ವ್ಯಾನು ತಂದು, ತಂದೆ ತಾಯಿ ಹಾವುಗಳೂ ಸೇರಿ ಎಲ್ಲವನ್ನೂ ಹೇರಿಕೊಂಡು ಹೋದ. ಮಂಕುಹಿಡಿದ ಆ ಒಂದನ್ನು ಅವನೂ ಬೇಡವೆಂದ. ಅದನ್ನು ರೋಸ್ವಿತಾ ಊರ ಬಸ್ಸು ಓಡಿಸುವ ಮೈಕೆ ಎಂಬ ಹುಡುಗಿಗೆ ಸುಮ್ಮನೆ ಕೊಟ್ಟಳು. ಮೈಕೆಗೆ ಬಣ್ಣದ ಗೊಡವೆ ಇರಲಿಲ್ಲ. ಅದರ ಮುಖ ಚೆನ್ನಾಗಿದೆ ಎಂದು ತಬ್ಬಿಕೊಂಡು ಹೋದಳು. ನೆಲಮಾಳಿಗೆ ತೊಳೆದದ್ದಾಯಿತು.

ಮೇಳದ ದಿನ ಬಂತು. ಓಟ್ಮಾರ್ ಆ ಸಲ ಕೇಕು ಹೊರಲಿಲ್ಲ. ತಜ್ಞರು ಕೇಕು ಹೊರುವುದು ಚೆನ್ನಾಗಿರುವುದಿಲ್ಲ ಎಂದು ಗುಡ್ರುನ್‌ಗೆ ವಿವರಿಸಲು ಹೋಗಿ, ಅವಳು ಒಂದು ನೋಟ ಬೀರಿದ ಮೇಲೆ ಅರ್ಧಕ್ಕೇ ನಿಲ್ಲಿಸಿದ್ದ. ಕೊನೆಗೆ ಕೇಕಿನ ತಟ್ಟೆಯ ಇನ್ನೊಂದು ತುದಿ ಹಿಡಿದವಳು ರೋಸ್ವಿತಾ. ಮನೆಯಲ್ಲಿ ಒಬ್ಬಳೇ ಇರಬೇಡ ಎಂದು ಗುಡ್ರುನ್ ಅವಳನ್ನು ಎಳೆದುಕೊಂಡು ಬಂದಿದ್ದಳು.

ಮೇಳ ನಡೆಯುವ ಬಂದೂಕು ಸಂಘದ ಸಭಾಂಗಣದಲ್ಲಿ ಕಿಟಕಿಯ ಕೆಳಗಿನ ಮೇಜಿನ ಸುತ್ತ ಆಗಲೇ ಗುಂಪು ಸೇರಿತ್ತು. ಉಲ್ರಿಶ್ ಓಟ್ಮಾರ್‌ನನ್ನು ಕಂಡವನೇ ತೋಳು ಹಿಡಿದು ಎಳೆದ. ದಾರಿ ಬಿಡಿ, ನೋಡಬೇಕಾದವರು ಬಂದರು ಎಂದು ಜನರನ್ನು ಸರಿಸಿದ. ಮೇಜಿನ ಮೇಲೆ ಗಾಜಿನ ಪೆಟ್ಟಿಗೆ, ಅದರೊಳಗೆ ಒಂದು ರಾಜಹೆಬ್ಬಾವು. ಅಂಥ ಹಳದಿಯನ್ನು ಓಟ್ಮಾರ್ ಬಟ್ಟೆಯಲ್ಲೂ ಕಂಡಿರಲಿಲ್ಲ. ಕತ್ತಿನಿಂದ ಬಾಲದವರೆಗೆ ಒಂದೇ ಸಮ, ಕಂದಿನ ಸುಳಿವಿಲ್ಲ. ಪಕ್ಕೆಯಲ್ಲಿ ಬಿಳಿಗೆ ತಾಗುವ ಗೆರೆ ಕತ್ತರಿ ಹಾಕಿದ ಅಂಚಿನ ಹಾಗಿತ್ತು. ಹಾವಿನ ಹಿಂದೆ ಮೈಕೆ ಬಸ್ಸಿನ ಸಮವಸ್ತ್ರದಲ್ಲೇ ಗಾಬರಿಯಿಂದ ಕೂತಿದ್ದಳು.

"ಮೂರು ವರ್ಷದ್ದಂತೆ. ಮೂರು ವರ್ಷಕ್ಕೂ ಈ ಬಣ್ಣ! ನೀನೇ ಹೇಳು, ಇದಕ್ಕೂ ಅವಸರ ಇದೆಯಾ?" ಎಂದ ಉಲ್ರಿಶ್.

ಓಟ್ಮಾರ್ ಎಂದಿನಂತೆ ಕನ್ನಡಕ ಹಣೆಗೇರಿಸಿದ. ಏನೋ ಗಂಭೀರವಾದದ್ದು ಬಾಯಿಗೆ ಬರುತ್ತಿತ್ತು. ಅಷ್ಟರಲ್ಲಿ ಮೈಕೆ, ಇದು ಸುಂದರ ಅಂತ ನನಗೂ ಗೊತ್ತಿರಲಿಲ್ಲ, ರೋಸ್ವಿತಾ ಅಮ್ಮ ಕೊಟ್ಟಾಗ ಮಣ್ಣಿನ ಬಣ್ಣಕ್ಕಿತ್ತು, ಮನೆಗೆ ತಂದ ಮರುದಿನವೇ ಪೊರೆ ಬಿಟ್ಟಿತು ಎಂದಳು. ಓಟ್ಮಾರ್‌ನ ಕನ್ನಡಕ ಹಣೆಯಿಂದ ಜಾರಿ ತಾನಾಗಿ ಮೂಗಿನ ಮೇಲೆ ಬಂದು ಕೂತಿತು.

"ಕಣ್ಣು ತಿಳಿಯಾಗಿತ್ತಲ್ಲ," ಎಂದ, ಯಾರಿಗೆ ಹೇಳುತ್ತಿದ್ದಾನೆಂದು ಅವನಿಗೇ ಗೊತ್ತಿರಲಿಲ್ಲ. "ನಾನು ನೋಡಿದ್ದೆ. ಕಣ್ಣಲ್ಲಿ ಹಾಲೇ ಇರ್ಲಿಲ್ಲ."

"ಇರಲ್ಲಪ್ಪ," ಎಂದ ಉಲ್ರಿಶ್, ಮಗುವಿಗೆ ಹೇಳುವಂತೆ. "ಕಣ್ಣು ಮೊದಲು ತಿಳಿಯಾಗುತ್ತೆ. ಪೊರೆ ಬೀಳೋದು ಅದಾದ ಕೆಲವು ದಿನಕ್ಕೆ. ಅಲ್ಲೀತನಕ ಮೈ ಮಂಕೇ. ಇದು ಎಲ್ಲರಿಗೂ ಗೊತ್ತಿರೋದೇ ಅಲ್ವಾ?"

ಎಲ್ಲರೂ ತಲೆಯಾಡಿಸಿದರು. ನಿಜ, ಎಲ್ಲರಿಗೂ ಗೊತ್ತಿತ್ತು. ಎಲ್ಲರಿಗೂ ಗೊತ್ತಿದ್ದರಿಂದಲೇ ಯಾರೂ ಅದನ್ನು ಓಟ್ಮಾರ್‌ಗೆ ಹೇಳುವ ಗೋಜಿಗೆ ಹೋಗಿರಲಿಲ್ಲ.

ಆ ಹೊತ್ತಿಗೆ ರೋಸ್ವಿತಾ ಕೇಕಿನ ತಟ್ಟೆ ಹಿಡಿದು, ಗುಂಪು ಯಾಕೆಂದು ನೋಡಲು ಬಂದಳು. ಗಾಜು ನಡುವೆ ಇದ್ದುದರಿಂದ ಧೈರ್ಯ ಮಾಡಿ ಬಗ್ಗಿದಳು, ಪೆಟ್ಟಿಗೆಯ ಹಿಂದೆ ಕೂತಿದ್ದ ಮೈಕೆಯ ಕಡೆ ಅವಳ ಗಮನ ಹೋಗಲಿಲ್ಲ. ಮೂರು ವರ್ಷ ತನ್ನ ಮನೆಯ ಕೆಳಗಿದ್ದ ಹಾವನ್ನು ಅವಳು ಒಂದು ಸಲವೂ ಕಣ್ಣುಬಿಟ್ಟು ನೋಡಿರಲಿಲ್ಲ. ಬಹಳ ಹೊತ್ತು ನೋಡಿದಳು.

"ಹೈನೋ ಹೇಳ್ತಿದ್ದದ್ದು ಇಂಥ ಹಳದೀನೇ ಅಲ್ವಾ ಓಟ್ಮಾರ್ ಅವರೇ? ಯಾರೋ ಪುಣ್ಯಾತ್ಮರು ಮಾಡಿಬಿಟ್ಟಿದ್ದಾರೆ ನೋಡಿ. ನಮ್ಮವರು ಇದರ ಹತ್ತಿರಕ್ಕಾದ್ರೂ ಬಂದಿದ್ರಾ?"

ಓಟ್ಮಾರ್ ಗುಡ್ರುನ್‌ಳನ್ನು ಹುಡುಕಿದ. ಅವಳು ಕಾಫಿ ಕೆಟಲ್ ಹಿಡಿದು ಅಲ್ಲೇ ನಿಂತು ಅವನನ್ನೇ ನೋಡುತ್ತಿದ್ದಳು, ಈ ಸಲ ಗೇಲಿಯಿಲ್ಲದೆ. ಹೌದು, ಹತ್ತಿರ ಬಂದಿದ್ದರು ಎಂದುಬಿಟ್ಟರೆ ಸಾಕಿತ್ತು. ರೋಸ್ವಿತಾ ಕೇಕು ಹಂಚಲು ಹೋಗುತ್ತಿದ್ದಳು, ಮೈಕೆಯ ಬಾಯಿಯನ್ನು ಹೇಗೋ ಮುಚ್ಚಿಸಬಹುದಿತ್ತು, ತಜ್ಞ ತಜ್ಞನಾಗೇ ಉಳಿಯುತ್ತಿದ್ದ. ಓಟ್ಮಾರ್ ಕನ್ನಡಕ ತೆಗೆದು ಜೇಬಿಗೆ ಹಾಕಿದ.

"ಇದು ಅವರದೇ," ಎಂದ. "ಇದು ಅದೇ ಹಾವು. ನಿಂತಿತ್ತು ರೋಸ್ವಿತಾ ಅವರೇ. ಹಳದಿ ನಿಂತಿತ್ತು. ನನಗೆ ಗೊತ್ತಾಗಲಿಲ್ಲ. ನನಗೆ ಯಾವತ್ತೂ ಏನೂ ಗೊತ್ತಿರಲಿಲ್ಲ."

ಉಲ್ರಿಶ್ ಒಮ್ಮೆ ಹಾವನ್ನು, ಒಮ್ಮೆ ರೋಸ್ವಿತಾಳನ್ನು ನೋಡಿ, ಟೋಪಿ ತೆಗೆದು ಎದೆಗೆ ಹಿಡಿದುಕೊಂಡ. ಅದರ ತಂದೆ ತಾಯಿ ಎಲ್ಲಿ, ಜೋಡಿ ಇದ್ದರೆ ಹೈನೋನ ಹಳದಿಯನ್ನು ನಾವು ಉಳಿಸಿಕೊಳ್ಳಬಹುದು ಎಂದು ಮೆಲ್ಲಗೆ ಕೇಳಿದ. ಕೊಟ್ಟುಬಿಟ್ಟೆ, ವ್ಯಾನಿನವನ ಹೆಸರು ಕೂಡ ಕೇಳಲಿಲ್ಲ ಎಂದಳು ರೋಸ್ವಿತಾ. ಮೈಕೆ ಅಳುತ್ತಾ, ಹಾವನ್ನು ವಾಪಸ್ ತೆಗೆದುಕೊಳ್ಳಿ ಎಂದು ಪೆಟ್ಟಿಗೆಯನ್ನು ಮುಂದೆ ತಳ್ಳಿದಳು.

"ನಿನ್ನ ಹತ್ರಾನೇ ಇರಲಿ ಕಣಮ್ಮ. ನನಗೆ ಹಾವು ಯಾಕೆ?" ಎನ್ನುತ್ತಾ ರೋಸ್ವಿತಾ ತಟ್ಟೆಯನ್ನು ಹಾವಿನ ಪೆಟ್ಟಿಗೆಯ ಮೇಲೇ ಇಟ್ಟು ಓಟ್ಮಾರ್ ಕಡೆ ತಿರುಗಿದಳು. ಅವಳು ಅಳಲಿಲ್ಲ. ಅತ್ತಿದ್ದರೆ ಅವನಿಗೆ ಎಷ್ಟೋ ಸುಲಭವಾಗುತ್ತಿತ್ತು. "ದಿನಾ ಸಂಜೆ ಸಮಾಧಿಗೆ ಹೋಗಿ ಅವರಿಗೆ ಬೈದು ಬರ್ತಿದ್ದೀನಿ ನಾನು, ಗೊತ್ತಾ? ಒಂದು ಸಲ ಸಮುದ್ರ ತೋರಿಸ್ಲಿಲ್ಲ, ಒಂದು ಹಳದಿ ಮಾಡೋಕೂ ಆಗ್ಲಿಲ್ಲ ಅಂತ. ಗಿಡಕ್ಕೆ ನೀರು ಹಾಕ್ತಾ ಹಾಕ್ತಾ ಬೈದಿದ್ದೀನಿ. ಪಕ್ಕದ ಸಮಾಧಿಯವರಿಗೆಲ್ಲ ಕೇಳ್ಸಿದೆ."

ಓಟ್ಮಾರ್ ತಲೆ ತಗ್ಗಿಸಿ ನಿಂತ. ಕ್ಷಮಿಸಿ ಎಂದನೋ ಇಲ್ಲವೋ, ಯಾರಿಗೂ ಕೇಳಿಸಲಿಲ್ಲ.

"ಬೈದದ್ದನ್ನ ನಾನು ಹೇಗಾದ್ರೂ ಸರಿಮಾಡ್ಕೋತೀನಿ. ಹಳದಿ ವಿಷಯ ನೀವೇ ಬಂದು ಹೇಳ್ಬೇಕು. ಸಕಲ ಸಂತರ ದಿನ ಬನ್ನಿ" ಎಂದಳು ರೋಸ್ವಿತಾ.

ಸಕಲ ಸಂತರ ದಿನವೆಂದರೆ ನವೆಂಬರ್ ಒಂದು, ಸತ್ತವರನ್ನು ನೆನೆಯುವ ದಿನ; ಅಂದು ನಮ್ಮ ಸ್ಮಶಾನದಲ್ಲಿ ಇಲ್ಲದವರು ಯಾರು? ಊರಿಗೆ ಊರೇ ಕಪ್ಪು ಕೋಟು ತೊಟ್ಟು, ಕೆಂಪು ದೀಪ ಹಿಡಿದು ಅಲ್ಲಿರುತ್ತದೆ. ರೋಸ್ವಿತಾ ಆ ದಿನವನ್ನು ಸುಮ್ಮನೆ ಆರಿಸಿರಲಿಲ್ಲ. ಓಟ್ಮಾರ್ ಮಧ್ಯಾಹ್ನ ಹೆಂಡತಿಯ ಜೊತೆ ಬಂದ. ಕೆಳಮನೆಯ ಹೆಂಗಸು, ಔಷಧಿ ಅಂಗಡಿಯವನು, ಪಾದ್ರಿಗಳು, ಸಂಘದವರು ಎಲ್ಲರೂ ತಮ್ಮ ತಮ್ಮ ಸಮಾಧಿಗಳ ಹತ್ತಿರವೇ ನಿಂತಿದ್ದರು, ಆದರೆ ಕಿವಿಗಳೆಲ್ಲ ಹೈನೋನ ಸಮಾಧಿಯ ಕಡೆಗಿದ್ದವು. ಉಲ್ರಿಶ್ ಮಾತ್ರ ಹತ್ತಿರ ಬಂದು, ತಾನು ತಂದ ದೀಪವನ್ನು ಒಂದೂ ಮಾತಾಡದೆ ಕಲ್ಲಿನ ಮುಂದಿಟ್ಟು ಹಿಂದೆ ಸರಿದ.

ಓಟ್ಮಾರ್ ಟೋಪಿ ಕೈಯಲ್ಲಿ ಹಿಡಿದು ಸಮಾಧಿಯ ಒಂದು ಬದಿಗೆ ನಿಂತ. ಮನೆಯಲ್ಲಿ ನಾಲ್ಕಾರು ಮಾತು ಜೋಡಿಸಿಕೊಂಡು ಬಂದಿದ್ದ, ಅವೆಲ್ಲ ಎಲ್ಲಿ ಹೋದವೋ. ಕಲ್ಲಿನ ಮೇಲಿನ ಹೆಸರು ನೋಡುತ್ತಾ ಕೆಳದನಿಯಲ್ಲಿ ಹೇಳಿದ.

"ಹೈನೋ, ನಿಮ್ಮ ಹಳದಿಗೆ ಅವಸರ ಇರ್ಲಿಲ್ಲ. ಅವಸರ ಇದ್ದದ್ದು ನನಗೆ."

ಗಾಳಿ ಬೀಸಿತು, ಯಾರದೋ ದೀಪ ಆರಿತು. ಓಟ್ಮಾರ್ ಟೋಪಿ ಇಟ್ಟುಕೊಂಡು ಹೊರಡಲು ತಿರುಗಿದ. ಹಿಂದೆ ನೀರಿನ ಡಬ್ಬ ಹಿಡಿದು ನಿಂತಿದ್ದ ರೋಸ್ವಿತಾ ದಾರಿ ಬಿಡಲಿಲ್ಲ. ಅವಳ ಕಣ್ಣು ತುಂಬಿತ್ತು.

"ಈ ಕಡೆ ನಿಂತು ಹೇಳಿದ್ರೆ ಆಗಲ್ಲ," ಎಂದಳು. "ಅದು ಅವರ ಎಡಗಿವಿ. ಆ ಬದಿಗೆ ಹೋಗಿ. ಜೋರಾಗಿ ಹೇಳಿ."

ಓಟ್ಮಾರ್ ಸಮಾಧಿಯನ್ನು ಬಳಸಿ ಆ ಬದಿಗೆ ಹೋದ. ಮತ್ತೆ ಟೋಪಿ ತೆಗೆದ. ಇಡೀ ಊರು ನೋಡುತ್ತಿದ್ದ ಹಾಗೇ, ಇಡೀ ಊರಿಗೆ ಕೇಳುವ ಹಾಗೆ, ಅದನ್ನೇ ಇನ್ನೊಮ್ಮೆ ಹೇಳಿದ.